ಹರಕೆ ಹೊರಡಿಸಿತು, ಮಳೆ ಬರೆಸಿತು

ಕಾಲ್ನಡಿಗೆಯ ಪುಸ್ತಕಗಳಲ್ಲಿ ಮಳೆ ಸಾಮಾನ್ಯವಾಗಿ ದಾರಿಯ ಒಂದು ಅಡಚಣೆ. ನಡೆಯುವವನು ನೆನೆಯುತ್ತಾನೆ, ಬೈಯುತ್ತಾನೆ, ಮೋಡ ಸರಿಯುತ್ತದೆ, ಕಣಿವೆ ತೆರೆದುಕೊಳ್ಳುತ್ತದೆ, ಅಧ್ಯಾಯ ಮುಗಿಯುತ್ತದೆ. ಜರ್ಮನಿಯ ಚಿತ್ರನಿರ್ದೇಶಕ ವೆರ್ನರ್ ಹೆರ್ಜೋಗ್ 1974ರ ಚಳಿಗಾಲದಲ್ಲಿ ಮ್ಯೂನಿಕ್‌ನಿಂದ ಪ್ಯಾರಿಸ್‌ವರೆಗೆ ಒಬ್ಬನೇ ನಡೆದು ಬರೆದಿಟ್ಟ ದಿನಚರಿಯಲ್ಲಿ ಓದುಗನಿಗೆ ಅಂಥ ಉಪಕಾರವಿಲ್ಲ. ಮಳೆ ನಿಂತರೆ ಹಿಮ, ಹಿಮ ನಿಂತರೆ ಆಲಿಕಲ್ಲು, ಅದೂ ನಿಂತರೆ ಎದುರುಗಾಳಿ. ಹತ್ತಿ ನಿಲ್ಲುವುದಕ್ಕೆ ಗುರಿಯಾದ ಶಿಖರವೂ ಇಲ್ಲ; ಇರುವುದು ಉತ್ತ ಹೊಲ, ಲಾರಿ ಓಡುವ ರಸ್ತೆ, ಬಾಗಿಲು ಹಾಕಿಕೊಂಡ ಹಳ್ಳಿ. 'ಆಫ್ ವಾಕಿಂಗ್ ಇನ್ ಐಸ್' ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಬಂದಿರುವ ಈ ಪುಟ್ಟ ಪುಸ್ತಕವನ್ನು ಮೆಚ್ಚುವವರು ಹೆಚ್ಚಾಗಿ ಅದರ ಹಿಂದಿನ ಕಥೆಯನ್ನು ಮೆಚ್ಚುತ್ತಾರೆ: ಸಾವಿನಂಚಿನಲ್ಲಿದ್ದ ಹಿರಿಯ ಗೆಳತಿಯನ್ನು ಉಳಿಸಲು ಒಬ್ಬ ನಡೆದ, ಆಕೆ ಉಳಿದಳು. ನನಗೆ ಅದರ ಬೆಲೆ ಕಾಣುವುದು ಬೇರೆ ಕಡೆ. ಹೊರಟ ಉದ್ದೇಶವನ್ನು ಚಳಿ ಮತ್ತು ನೀರು ತೊಳೆದುಹಾಕಿದ ಪುಟಗಳಲ್ಲಿ ಈ ಪುಸ್ತಕ ದೊಡ್ಡದಾಗುತ್ತದೆ. ಉದ್ದೇಶ ನೆನಪಾದಾಗಲೆಲ್ಲ ಸಣ್ಣದಾಗುತ್ತದೆ.

ಕಥೆ ಹೀಗಿದೆ. 1974ರ ನವೆಂಬರ್ ಕೊನೆಯಲ್ಲಿ ಪ್ಯಾರಿಸ್‌ನಿಂದ ಗೆಳೆಯನೊಬ್ಬನ ಫೋನು ಬರುತ್ತದೆ: ಲೋಟೆ ಐಸ್ನರ್ ತೀರ ಕಾಯಿಲೆ ಬಿದ್ದಿದ್ದಾರೆ, ಉಳಿಯುವುದು ಕಷ್ಟ. ಆಗ ಹೆರ್ಜೋಗ್‌ಗೆ 32 ವರ್ಷ. ವಿಮಾನ ಹತ್ತಿದ್ದರೆ ಅದೇ ದಿನ ಹಾಸಿಗೆಯ ಪಕ್ಕದಲ್ಲಿರಬಹುದಿತ್ತು. ಅವನು ಒಂದು ಜಾಕೆಟ್, ಒಂದು ದಿಕ್ಸೂಚಿ, ಅಗತ್ಯದ ಸಾಮಾನು ತುಂಬಿದ ಒಂದು ಚೀಲ ತೆಗೆದುಕೊಂಡು, ಹೊಸ ಬೂಟು ಮೆಟ್ಟಿ, ಪ್ಯಾರಿಸ್‌ನ ದಿಕ್ಕಿಗೆ ನೇರವಾಗಿ ಹೊರಟ. ತಾನು ನಡೆದು ಬಂದರೆ ಆಕೆ ಬದುಕಿರುತ್ತಾಳೆ ಎಂಬುದು ಅವನ ನಂಬಿಕೆ. ಅದರ ಜೊತೆಗೆ, ಒಬ್ಬನೇ ಇರಬೇಕೆಂಬ ಆಸೆಯೂ ಇತ್ತೆಂದು ಅವನೇ ಒಪ್ಪುತ್ತಾನೆ. ನವೆಂಬರ್ 23ರಿಂದ ಡಿಸೆಂಬರ್ 14ರವರೆಗೆ ದಿನಕ್ಕೊಂದರಂತೆ ಟಿಪ್ಪಣಿಗಳಿವೆ. ಆ ಎರಡು ನಗರಗಳ ನಡುವೆ ಹಕ್ಕಿ ಹಾರುವ ಲೆಕ್ಕದಲ್ಲೇ ಸುಮಾರು 680 ಕಿಲೋಮೀಟರ್. ಸ್ವಾಬಿಯದ ಬೆಟ್ಟಸಾಲು, ಬ್ಲ್ಯಾಕ್ ಫಾರೆಸ್ಟ್, ರೈನ್ ನದಿ, ವೋಜ್ ಪರ್ವತ, ಜೋನ್ ಆಫ್ ಆರ್ಕ್ ಹುಟ್ಟಿದ ದೊಂರೆಮಿ, ಇವೆಲ್ಲ ನಡುವೆ ಬರುತ್ತವೆ. ಟಿಪ್ಪಣಿ ಪುಸ್ತಕವಾದದ್ದು 1978ರಲ್ಲಿ. ಆ ವರ್ಷ ಹಾಲೆಂಡಿನ ಡೆಲ್ಫ್ಟ್‌ನಲ್ಲಿ 'ನೊಸ್ಫೆರಾಟು' ಚಿತ್ರೀಕರಿಸುತ್ತಿದ್ದ ಹೆರ್ಜೋಗ್ ಅಲ್ಲಿಂದಲೇ ಮುನ್ನುಡಿ ಬರೆದ. ಇದು ಓದುಗರಿಗಾಗಿ ಬರೆದದ್ದಲ್ಲ, ಕೆಲವು ತೀರ ಖಾಸಗಿ ಮಾತುಗಳನ್ನಷ್ಟೇ ಬಿಟ್ಟು ಅಚ್ಚಿಗೆ ಕೊಡುತ್ತಿದ್ದೇನೆ ಎಂಬುದು ಆ ಮುನ್ನುಡಿಯ ಸಾರ.

ಐಸ್ನರ್ ಯಾರೆಂದು ತಿಳಿಯದಿದ್ದರೆ ಈ ಹಟ ಹುಚ್ಚಾಗಿ ಕಾಣುತ್ತದೆ. 1896ರಲ್ಲಿ ಬರ್ಲಿನ್‌ನ ಯಹೂದಿ ಮನೆಯಲ್ಲಿ ಹುಟ್ಟಿದ ಆಕೆ ಮೂಕಿ ಚಿತ್ರಗಳ ಕಾಲದಲ್ಲೇ ಹೆಸರಾದ ವಿಮರ್ಶಕಿ. 1933ರಲ್ಲಿ ಹಿಟ್ಲರ್ ಅಧಿಕಾರ ಹಿಡಿದಾಗ ದೇಶ ಬಿಟ್ಟು ಪ್ಯಾರಿಸ್ ಸೇರಿದರು. ಯುದ್ಧಕಾಲದಲ್ಲಿ ಗುರ್ಸ್ ಬಂಧನ ಶಿಬಿರ ಕಂಡು, ಆಮೇಲೆ ಸುಳ್ಳು ಹೆಸರಿನಲ್ಲಿ ಅಡಗಿ ಬದುಕಿದರು. ಯುದ್ಧ ಮುಗಿದ ಮೇಲೆ ಆನ್ರಿ ಲಾಂಗ್ಲ್ವಾ ಜೊತೆ ಸಿನೆಮಾಥೆಕ್ ಫ್ರಾನ್ಸೇಸ್‌ನಲ್ಲಿ ದಶಕಗಳ ಕಾಲ ಹಳೆಯ ಚಿತ್ರಗಳನ್ನು ಕೂಡಿಟ್ಟರು. ಜರ್ಮನ್ ಮೂಕಿ ಚಿತ್ರಗಳ ಬಗ್ಗೆ 'ದಿ ಹಾಂಟೆಡ್ ಸ್ಕ್ರೀನ್' ಬರೆದರು. ನಿರ್ದೇಶಕರಾದ ಮುರ್ನೌ ಮತ್ತು ಫ್ರಿಟ್ಸ್ ಲಾಂಗ್ ಬಗ್ಗೆ ಗ್ರಂಥ ರಚಿಸಿದರು. ನಾಜಿಗಳ ಹನ್ನೆರಡು ವರ್ಷ ಜರ್ಮನ್ ಸಿನಿಮಾದ ಒಂದು ತಲೆಮಾರನ್ನೇ ಹಾಳುಮಾಡಿತ್ತು. ಅದರ ನಂತರ ಬಂದ ಹೆರ್ಜೋಗ್‌ನಂಥವರಿಗೆ ತಂದೆಯರಿರಲಿಲ್ಲ, ಅಜ್ಜಂದಿರು ಮಾತ್ರ ಇದ್ದರು. ಆ ಅಜ್ಜಂದಿರ ಕಡೆಯಿಂದ ಬಂದು, ನೀವು ಮಾಡುತ್ತಿರುವುದೂ ಸಿನಿಮಾ ಎಂದು ಈ ಹುಡುಗರ ಬೆನ್ನು ತಟ್ಟಿದವರು ಐಸ್ನರ್. ಹೆರ್ಜೋಗ್‌ನ 'ಫಾಟಾ ಮೊರ್ಗಾನಾ' ಚಿತ್ರಕ್ಕೆ ಹಿನ್ನೆಲೆ ದನಿ ಕೊಟ್ಟವರೂ ಅವರೇ. ಈಗ ಆಕೆ ಸಾಯಕೂಡದು, ನಾವು ಬಿಡುವುದಿಲ್ಲ ಎನ್ನುವ ಅವನ ಮಾತಿನಲ್ಲಿ ಪ್ರೀತಿಯಿದೆ. ಒಂದು ಪರಂಪರೆಯ ಕೊನೆಯ ಎಳೆ ಕಡಿದುಹೋಗುತ್ತದೆಂಬ ಭಯವೂ ಇದೆ.

ಕನ್ನಡದ ಓದುಗನಿಗೆ ಇದು ಹರಕೆ ಎಂದು ತಕ್ಷಣ ಗೊತ್ತಾಗುತ್ತದೆ. ಮನೆಯವರ ಕಾಯಿಲೆ ವಾಸಿಯಾದರೆ ಧರ್ಮಸ್ಥಳಕ್ಕೆ ನಡೆದೇ ಬರುತ್ತೇನೆಂದು ಮುಡಿಪು ಕಟ್ಟುವವರು ನಮ್ಮಲ್ಲಿ ಸಾವಿರಾರು ಜನ. ಆದರೆ ಆ ಹರಕೆಗೆ ಒಂದು ವ್ಯವಸ್ಥೆಯಿದೆ: ಒಪ್ಪಿಸಿಕೊಳ್ಳುವ ದೇವರು, ಜೊತೆಗೆ ನಡೆಯುವ ಗುಂಪು, ದಾರಿಯಲ್ಲಿ ಮಜ್ಜಿಗೆ ಕೊಡುವ ಕೈ. ಹೆರ್ಜೋಗ್‌ನ ಹರಕೆಗೆ ಇವು ಯಾವುವೂ ಇಲ್ಲ. ಸಾವಿತ್ರಿಯೂ ಯಮನ ಹಿಂದೆ ನಡೆದಳು. ಅವಳನ್ನು ಗೆಲ್ಲಿಸಿದ್ದು ನಡಿಗೆಯಷ್ಟೇ ಅಲ್ಲ, ದಾರಿಯುದ್ದಕ್ಕೂ ಆಡಿದ ಬುದ್ಧಿಯ ಮಾತು. ಇವನು ಯಾರೊಂದಿಗೂ ವಾದಿಸುವುದಿಲ್ಲ, ಯಾರನ್ನೂ ಬೇಡಿಕೊಳ್ಳುವುದಿಲ್ಲ. ತನ್ನ ಕಾಲಿನ ನೋವೇ ಇನ್ನೊಬ್ಬರ ಆಯುಷ್ಯವಾಗಿ ಜಮೆಯಾಗುತ್ತದೆ ಎಂಬ ಲೆಕ್ಕ ಅವನದು. ಈ ಲೆಕ್ಕದಲ್ಲಿ ಒಂದು ಅಹಂಕಾರವಿದೆ. 78 ವರ್ಷದ ರೋಗಿಗೆ ಬೇಕಾದದ್ದು ಪಕ್ಕದಲ್ಲಿ ಕೂರುವ ಜನ ಇರಬಹುದು. ಮೂರು ವಾರ ಬಿಟ್ಟು ಬರುವ ಯಾತ್ರಿಕ ಇರಲಾರ. ನಡಿಗೆ ಶುರುವಾಗುವಾಗ ಐಸ್ನರ್‌ಗಿಂತ ಹೆರ್ಜೋಗ್‌ನ ಸಂಕಲ್ಪವೇ ದೊಡ್ಡದಾಗಿ ಕಾಣುತ್ತದೆ.

ಇದನ್ನು ಸರಿಮಾಡುವುದು ಹವಾಮಾನ. ಗಟ್ಟಿಮುಟ್ಟಾದ ಹೊಸ ಬೂಟುಗಳ ಮೇಲೆ ಇಟ್ಟ ಭರವಸೆಯನ್ನು ಪಾದಗಳೇ ಮೊದಲು ಕೈಬಿಡುತ್ತವೆ. ಒದ್ದೆ ಕಾಲುಚೀಲದೊಳಗೆ ಚರ್ಮ ಮೆತ್ತಗಾಗುತ್ತದೆ, ಪಳಗದ ಬೂಟು ಅದನ್ನು ಉಜ್ಜುತ್ತದೆ, ಬೊಬ್ಬೆ ಏಳುತ್ತದೆ. ಆಮೇಲೆ ಮೊಣಕಾಲು, ತೊಡೆಸಂದು, ಹಿಮ್ಮಡಿಯ ಮೇಲಿನ ಸ್ನಾಯು ಒಂದೊಂದಾಗಿ ದೂರು ಹೇಳತೊಡಗುತ್ತವೆ. ಸಂಕಲ್ಪದ ಭಾಷೆ ಇಲ್ಲಿಂದ ಮುಂದೆ ಕಾಣೆಯಾಗುತ್ತದೆ. ಇವತ್ತು ಎಲ್ಲಿ ಮಲಗುವುದು, ಹಾಲು ಎಲ್ಲಿ ಸಿಗುತ್ತದೆ, ಆ ಹುಲ್ಲಿನ ಕೊಟ್ಟಿಗೆಗೆ ಬೀಗ ಇದೆಯೇ ಎಂಬ ಪ್ರಶ್ನೆಗಳು ಪುಟ ತುಂಬುತ್ತವೆ. ಐಸ್ನರ್ ಹೆಸರು ಪುಟಗಟ್ಟಲೆ ಬರುವುದೇ ಇಲ್ಲ. ಕೆಲವು ಕಡೆ ವಾಹನ ಹತ್ತಿದ್ದನ್ನೂ ಅವನು ಮುಚ್ಚಿಡದೆ ಬರೆಯುತ್ತಾನೆ. ಹರಕೆಯ ಶಾಸ್ತ್ರದಲ್ಲಿ ಇದು ಲೋಪ. ದಿನಚರಿಯ ಶಾಸ್ತ್ರದಲ್ಲಿ ಇದೇ ಪ್ರಾಮಾಣಿಕತೆ.

ಅವನ ಕಣ್ಣು ಈ ಹೊತ್ತಿನಲ್ಲಿ ಬೇರೆಯೇ ಆಗುತ್ತದೆ. ತಲೆ ಬಗ್ಗಿಸಿ ನಡೆಯುವವನಿಗೆ ದಿಗಂತ ಕಾಣುವುದಿಲ್ಲ, ರಸ್ತೆಯ ಅಂಚು ಕಾಣುತ್ತದೆ. ಬಿಸಾಡಿದ ಸಿಗರೇಟ್ ಪ್ಯಾಕುಗಳು ಹೇಗೆ ನೀರು ಕುಡಿದು ಉಬ್ಬಿವೆ ಎಂಬುದನ್ನು ಅವನು ನಿಂತು ನೋಡುತ್ತಾನೆ. ಹೊಲದಲ್ಲಿ ಎಷ್ಟೊಂದು ಇಲಿಗಳಿವೆ ಎಂದು ಕಾರಿನಲ್ಲಿ ಹೋಗುವವರಿಗೆ ಗೊತ್ತೇ ಇಲ್ಲವೆಂದು ಅಚ್ಚರಿಪಡುತ್ತಾನೆ. ಕಾಗೆಗಳು ಹಿಂಬಾಲಿಸುತ್ತವೆ, ನಾಯಿಗಳು ಬೊಗಳುತ್ತವೆ. ಬಹಳ ಹೊತ್ತು ಮಾತಾಡದೆ ಇದ್ದು ಯಾರ ಜೊತೆಗಾದರೂ ಮಾತಾಡಬೇಕಾದಾಗ ದನಿ ಸರಿಯಾಗಿ ಹೊರಡದೆ ನಾಚಿಕೊಳ್ಳುತ್ತಾನೆ. ಒಂಟಿತನದ ಬಗ್ಗೆ ತತ್ವ ಹೇಳುವ ಪುಸ್ತಕಗಳು ಬೇಕಾದಷ್ಟಿವೆ. ಒಂಟಿತನ ಗಂಟಲಿಗೆ ಏನು ಮಾಡುತ್ತದೆಂದು ಇಷ್ಟು ಸಣ್ಣ ವಿವರದಲ್ಲಿ ಹಿಡಿದವು ಕಡಿಮೆ.

ಬರಹದ ರೀತಿಯೂ ಹವೆಗೆ ತಕ್ಕಂತೆ ಬದಲಾಗುತ್ತದೆ. ವಾಕ್ಯಗಳು ತುಂಡಾಗುತ್ತವೆ, ಕ್ರಿಯಾಪದ ಉದುರುತ್ತದೆ. ನೋಡಿದ್ದು, ನೆನೆದದ್ದು, ಕಲ್ಪಿಸಿದ್ದು ಒಂದೇ ಸಾಲಿನಲ್ಲಿ ಬೆರೆಯುತ್ತವೆ. ನಡುನಡುವೆ ಯಾವ ಪೀಠಿಕೆಯೂ ಇಲ್ಲದೆ, ನಡೆದೇ ಇರದ ದೃಶ್ಯಗಳು ನುಗ್ಗಿ, ಇದು ಈಗ ದಾರಿಯಲ್ಲಿ ಕಂಡದ್ದೋ ತಲೆಯೊಳಗಿನ ಸಿನಿಮಾವೋ ಎಂದು ತಿಳಿಯದಂತಾಗುತ್ತದೆ. ಇದನ್ನು ಕವಿಸಹಜ ದರ್ಶನವೆಂದು ಹೊಗಳುವುದು ವಾಡಿಕೆ. ನಾನು ಅಷ್ಟು ಬೇಗ ಹೊಗಳಲಾರೆ; ಒದ್ದೆ ಚಳಿ ಮನುಷ್ಯನಿಗೆ ಏನು ಮಾಡುತ್ತದೆಂದು ಮೊದಲು ನೋಡಬೇಕು. 1964ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ನಡೆದ 'ಫೋರ್ ಇನ್ಸ್' ನಡಿಗೆ ಸ್ಪರ್ಧೆಯಲ್ಲಿ ಮೂವರು ಯುವಕರು ಮಳೆ-ಗಾಳಿಗೆ ಸಿಕ್ಕು ಸತ್ತಿದ್ದರು. 1953ರ ಎವರೆಸ್ಟ್ ತಂಡದಲ್ಲಿದ್ದ ಶರೀರವಿಜ್ಞಾನಿ ಗ್ರಿಫಿತ್ ಪ್ಯೂ ಆ ಸಾವುಗಳ ಬೆನ್ನು ಹತ್ತಿ ಕಂಡುಕೊಂಡದ್ದು ಸರಳ: ಬಟ್ಟೆ ನೆನೆದರೆ ಅದು ಬೆಚ್ಚಗಿಡುವ ಶಕ್ತಿಯ ಬಹುಪಾಲು ಕಳೆದುಕೊಳ್ಳುತ್ತದೆ. ನಡೆಯುತ್ತಿರುವವರೆಗೆ ಮೈ ಆ ನಷ್ಟ ತುಂಬುತ್ತದೆ, ದಣಿದು ನಿಧಾನವಾದ ಕೂಡಲೇ ತುಂಬಲಾರದು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ. ಆದ್ದರಿಂದಲೇ ಒಣಹಿಮದ ಸೊನ್ನೆ ಡಿಗ್ರಿಗಿಂತ ಜಡಿಮಳೆಯ ಐದು ಡಿಗ್ರಿ ಎಷ್ಟೋ ಸಲ ಹೆಚ್ಚು ಅಪಾಯ. ಮೈಯೊಳಗಿನ ಬಿಸಿ 35 ಡಿಗ್ರಿಗಿಂತ ಕೆಳಗಿಳಿದರೆ ಹೈಪೋಥರ್ಮಿಯ. ನಾಲಿಗೆ ತೊದಲುವುದು, ಕಾಲು ಎಡವುವುದು, ಯೋಚನೆ ಕಲಸಿಹೋಗುವುದು ಅದರ ಮೊದಲ ಗುರುತುಗಳು. ಹೆರ್ಜೋಗ್‌ಗೆ ಅದು ಬಂದಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ನಿದ್ದೆಗೆಟ್ಟ, ಹಸಿದ, ಒದ್ದೆಮೈಯ ಮನುಷ್ಯನ ತಲೆಯಲ್ಲಿ ಚಿತ್ರಗಳು ತಮ್ಮಷ್ಟಕ್ಕೆ ಏಳುವುದಕ್ಕೆ ಪ್ರತಿಭೆಯೊಂದೇ ಕಾರಣವಾಗಬೇಕಿಲ್ಲ. ಈ ಬರಹದ ವಿಶೇಷವಿರುವುದು ಆ ಕಲಸಿಹೋಗುವಿಕೆಯನ್ನು ಆಮೇಲೆ ತಿದ್ದಿ ಅಂದಗೊಳಿಸದೆ ಹಾಗೇ ಬಿಟ್ಟದ್ದರಲ್ಲಿ.

ಎಷ್ಟು ಬಿಟ್ಟಿದ್ದಾನೆ ಎಂಬುದು ತಿಳಿಯಬೇಕಾದರೆ ಇದನ್ನು ಪ್ಯಾಟ್ರಿಕ್ ಲೀ ಫರ್ಮರ್‌ನ 'ಎ ಟೈಮ್ ಆಫ್ ಗಿಫ್ಟ್ಸ್' ಪಕ್ಕದಲ್ಲಿಟ್ಟು ಓದಬೇಕು. ಅದು ಅಚ್ಚಾದದ್ದು 1977ರಲ್ಲಿ, ಹೆರ್ಜೋಗ್‌ನ ಪುಸ್ತಕಕ್ಕಿಂತ ಒಂದೇ ವರ್ಷ ಮೊದಲು. ಹದಿನೆಂಟು ವರ್ಷದ ಫರ್ಮರ್ 1933ರ ಡಿಸೆಂಬರ್‌ನಲ್ಲಿ ಹಾಲೆಂಡಿನ ಕರಾವಳಿಯಲ್ಲಿ ಇಳಿದು ಕಾನ್‌ಸ್ಟಾಂಟಿನೋಪಲ್‌ಗೆ ಒಬ್ಬನೇ ನಡೆಯತೊಡಗಿದವನು. ಅವನ ದಾರಿಯೂ ಹಿಮದ್ದೇ. ಮ್ಯೂನಿಕ್‌ನಲ್ಲಿ ಅವನ ಚೀಲವೇ ಕಳುವಾಯಿತು, ಅದರೊಳಗಿದ್ದ ದಿನಚರಿ ಸಹಿತ. ಆದರೆ ಆ ಪುಸ್ತಕದಲ್ಲಿ ಚಳಿ ಹೊರಗಿರುತ್ತದೆ. ಒಳಗೆ ಒಲೆ ಉರಿಯುತ್ತಿರುತ್ತದೆ, ಅಪರಿಚಿತರು ಸೂಪು ಬಡಿಸುತ್ತಾರೆ, ಮುಂದಿನ ಊರಿನ ಶ್ರೀಮಂತರಿಗೆ ಪರಿಚಯದ ಪತ್ರ ಬರೆದುಕೊಡುತ್ತಾರೆ. ನಾಲ್ಕು ದಶಕದ ನಂತರ ನೆನಪಿನಿಂದ ಕಟ್ಟಿದ, ಇತಿಹಾಸ-ಚಿತ್ರಕಲೆ-ಭಾಷೆಗಳ ಪಾಂಡಿತ್ಯ ತುಂಬಿದ ಸೊಗಸಾದ ಗದ್ಯ ಅದು. ಅದರ ಮುಂದೆ ಹೆರ್ಜೋಗ್‌ನದು ಕೈ ಮರಗಟ್ಟಿದವನ ಬರಹ. ಸೊಗಸಿನಲ್ಲಿ ಫರ್ಮರ್ ಬಹಳ ಮುಂದೆ. ಆದರೆ ಒದ್ದೆಯಾಗುವುದೆಂದರೆ ಏನೆಂದು ತಿಳಿಯಬೇಕಾದವನು ಹೆರ್ಜೋಗ್‌ನನ್ನೇ ಓದಬೇಕು. ನೆನಪು ಎಲ್ಲಕ್ಕಿಂತ ಮೊದಲು ಮರೆಯುವುದು ಚಳಿಯನ್ನು. ಒಣಗಿದ ಮೇಲೆ ಅದು ಸಾಹಸವಾಗುತ್ತದೆ. ಇನ್ನೊಂದು ವ್ಯತ್ಯಾಸ ಯೂರೋಪಿನದು. ಫರ್ಮರ್‌ನ ಕಾಲದಲ್ಲಿ ದಾರಿ ನಡೆಯುವ ತರುಣ ವಿದ್ಯಾರ್ಥಿ, ಅತಿಥಿ. ಕಾರುಗಳ ಕಾಲಕ್ಕೆ ಬಂದರೆ, ಗಡ್ಡ ಬಿಟ್ಟು ಮಳೆಯಲ್ಲಿ ರಸ್ತೆ ಬದಿ ಕುಂಟುವವನು ಅನುಮಾನಕ್ಕೆ ಪಾತ್ರ. ಜನರ ಆ ನೋಟವನ್ನು ಹೆರ್ಜೋಗ್ ಚೆನ್ನಾಗಿ ದಾಖಲಿಸುತ್ತಾನೆ.

ಪುಸ್ತಕ ಎಡವುವುದು ನಡೆಯುವವನು ತಾನು ಜರ್ಮನ್ ಕಲಾವಿದನೆಂದು ನೆನಪಿಸಿಕೊಂಡಾಗ. ಚಳಿಗಾಲದ ಒಂಟಿ ನಡಿಗೆಗೆ ಆ ಸಾಹಿತ್ಯದಲ್ಲಿ ದೊಡ್ಡ ಮನೆತನವಿದೆ. ಶೂಬರ್ಟ್‌ನ 'ವಿಂಟರ್‌ರೈಸೆ' ಗೀತಮಾಲೆಯ ಪ್ರೇಮಭಗ್ನ ಹಿಮದಲ್ಲಿ ಅಲೆಯುತ್ತಾನೆ. ಗಿಯೋರ್ಗ್ ಬ್ಯೂಖ್ನರ್‌ನ 'ಲೆಂಟ್ಸ್' ಕಥೆಯ ನಾಯಕ ಹೆರ್ಜೋಗ್ ದಾಟಿದ ಅದೇ ವೋಜ್ ಪರ್ವತಗಳಲ್ಲಿ, ಅದೇ ಒದ್ದೆ ಚಳಿಯಲ್ಲಿ, ಬುದ್ಧಿ ಕಳೆದುಕೊಳ್ಳುತ್ತಾ ನಡೆಯುತ್ತಾನೆ. ಬ್ಯೂಖ್ನರ್‌ನ ನಾಟಕವನ್ನು ಮುಂದೆ ಚಿತ್ರ ಮಾಡಿದ ಹೆರ್ಜೋಗ್‌ಗೆ ಈ ವಂಶ ಚೆನ್ನಾಗಿ ಗೊತ್ತು. ಹಾಗಾಗಿ ಮಧ್ಯೆ ಮಧ್ಯೆ ಲೋಕವೇ ಅಳಿದುಹೋದಂಥ, ಮನುಷ್ಯರೆಲ್ಲ ಖಾಲಿಯಾದಂಥ ಭವ್ಯ ಕತ್ತಲಿನ ಮಾತುಗಳು ಬರುತ್ತವೆ. ಉಬ್ಬಿದ ಸಿಗರೇಟ್ ಪ್ಯಾಕಿನ ಎದುರು ಇವು ಹಗುರ. ಪ್ಯಾಕನ್ನು ಅವನು ನೋಡಿದ್ದಾನೆ. ಪ್ರಳಯವನ್ನು ಪುಸ್ತಕಗಳಿಂದ ತಂದಿದ್ದಾನೆ.

ಖಾಲಿ ಬಿದ್ದ ರಜಾಮನೆಗಳ ಬೀಗ ಮುರಿದು ರಾತ್ರಿ ಕಳೆದದ್ದನ್ನೂ ಅವನು ಹೇಳುತ್ತಾನೆ, ತಪ್ಪಿನ ಭಾವವಿಲ್ಲದೆ. ಹಿಮಗಾಳಿಯ ರಾತ್ರಿ ಪ್ರಾಣ ಉಳಿಸಿಕೊಳ್ಳಲು ಯಾವ ಬಾಗಿಲನ್ನಾದರೂ ತೆರೆಯಬಹುದು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಈ ಸ್ವಾತಂತ್ರ್ಯ ಎಲ್ಲರದಲ್ಲ. ಮೂವತ್ತೆರಡರ ಬಿಳಿಯ ಗಂಡಸು ಕೊಟ್ಟಿಗೆಯಲ್ಲಿ ಸಿಕ್ಕಿಬಿದ್ದರೆ ಅಲೆಮಾರಿ. ಅದೇ ಜಾಗದಲ್ಲಿ ಒಬ್ಬ ಹೆಂಗಸೋ ಒಬ್ಬ ವಲಸೆ ಕೂಲಿಯೋ ಸಿಕ್ಕಿದ್ದರೆ ಕಥೆ ಬೇರೆ. ಒಂಟಿ ನಡಿಗೆಯ ಸಾಹಿತ್ಯ ತನ್ನ ಸ್ವಾತಂತ್ರ್ಯವನ್ನು ಮನಸ್ಸಿನ ಗುಣವೆಂದು ಹೇಳಿಕೊಳ್ಳುತ್ತದೆ. ಅದರಲ್ಲಿ ಎಷ್ಟು ಪಾಲು ಮೈಯ ಬಣ್ಣ, ಪಾಸ್‌ಪೋರ್ಟು ಮತ್ತು ಗಂಡುತನದ ಕೊಡುಗೆ ಎಂದು ಕೇಳುವುದಿಲ್ಲ. ಹೆರ್ಜೋಗ್ ಕೂಡ ಕೇಳುವುದಿಲ್ಲ.

ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆ ನನಗೆ ಇದಕ್ಕಿಂತ ದೊಡ್ಡದು. 1933ರಲ್ಲಿ ಐಸ್ನರ್ ಜರ್ಮನಿಯಿಂದ ಪ್ಯಾರಿಸ್‌ಗೆ ಹೋದದ್ದು ಹರಕೆಯಿಂದಲ್ಲ, ಜೀವಭಯದಿಂದ. ನಲವತ್ತೊಂದು ವರ್ಷಗಳ ನಂತರ, ಯುದ್ಧದ ನಡುವೆ ಹುಟ್ಟಿದ ಒಬ್ಬ ಜರ್ಮನ್ ಅದೇ ನಗರದ ದಿಕ್ಕಿಗೆ, ತಾನೇ ಆರಿಸಿಕೊಂಡ ಕಷ್ಟ ಹೊತ್ತು, ಆಕೆಯ ಕಡೆಗೆ ನಡೆಯುತ್ತಾನೆ. ಇದನ್ನು ಪ್ರಾಯಶ್ಚಿತ್ತವೆಂದು ಓದದಿರುವುದು ನನಗೆ ಕಷ್ಟ. ಪುಸ್ತಕದಲ್ಲಿ ಆ ಮಾತಿಲ್ಲ. ಆಕೆಯ ದೇಶತ್ಯಾಗ, ಶಿಬಿರ, ಸುಳ್ಳು ಹೆಸರು ಯಾವುದೂ ನಡೆಯುವವನ ತಲೆಯಲ್ಲಿ ಸುಳಿದಂತೆ ಕಾಣುವುದಿಲ್ಲ. ಹೇಳಿದ್ದರೆ ನಾಟಕೀಯವಾಗುತ್ತಿತ್ತೇನೋ. ಆದರೂ ಇದು ಕೊರತೆಯೇ. ತಾನು ಆರಿಸಿಕೊಂಡ ಚಳಿಯ ಬಗ್ಗೆ ಇಷ್ಟು ಬರೆದವನು ಆಕೆಗೆ ಆಯ್ಕೆಯೇ ಇಲ್ಲದೆ ಬಂದ ಚಳಿಗಾಲಗಳ ಬಗ್ಗೆ ಒಂದು ಸಾಲಾದರೂ ಯೋಚಿಸಬೇಕಿತ್ತು.

ಪುಸ್ತಕವನ್ನು ಅದರ ಸುತ್ತ ಬೆಳೆದ ದಂತಕಥೆಯಿಂದ ಬಿಡಿಸಿ ನೋಡುವುದೂ ಅಗತ್ಯ. 1999ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಓದಿದ ಘೋಷಣೆಯಲ್ಲಿ ಹೆರ್ಜೋಗ್ ಪ್ರವಾಸೋದ್ಯಮವನ್ನು ಪಾಪದ ಸಾಲಿಗೂ ಕಾಲ್ನಡಿಗೆಯನ್ನು ಪುಣ್ಯದ ಸಾಲಿಗೂ ಸೇರಿಸಿದ. ಐಸ್ನರ್ ಆ ನಡಿಗೆಯ ನಂತರ ಎಂಟೊಂಬತ್ತು ವರ್ಷ ಬದುಕಿ, ಕಣ್ಣು ಕಾಲು ಸೋತ ಮೇಲೆ ತನ್ನನ್ನು ಕರೆಸಿ, ಸಾಯಬಾರದೆಂಬ ಆ ಕಟ್ಟನ್ನು ಬಿಚ್ಚು ಎಂದರಂತೆ, ತಾನು ಬಿಚ್ಚಿದೆನಂತೆ, ಸ್ವಲ್ಪ ಕಾಲದಲ್ಲೇ ಆಕೆ ತೀರಿಕೊಂಡರಂತೆ. ಇದನ್ನು ಅವನು ಸಂದರ್ಶನಗಳಲ್ಲಿ ಹೇಳುತ್ತಾ ಬಂದಿದ್ದಾನೆ. ಆಕೆ ತೀರಿಕೊಂಡದ್ದು 1983ರ ನವೆಂಬರ್‌ನಲ್ಲಿ. ಕಥೆ ಚೆನ್ನಾಗಿದೆ, ತೀರ ಚೆನ್ನಾಗಿದೆ. ಸತ್ಯಕ್ಕಿಂತ ಆಳದ ಸತ್ಯ ಬೇಕೆಂದರೆ ಕಲ್ಪನೆ ಬೆರೆಸಬೇಕು ಎಂದು ಸಾರುವ ನಿರ್ದೇಶಕನ ಕೈಯಲ್ಲಿ ಅದು ಒಂದು ಚಿತ್ರವಾಗಿದೆ. ಇಂಥ ದಂತಕಥೆಯಿಂದ ಅಪಾಯವೂ ಇದೆ. ಕಷ್ಟವೇ ಪುಣ್ಯ, ಚಳಿಯೇ ದೀಕ್ಷೆ ಎಂಬ ಮಾತು ಬೆಚ್ಚಗಿನ ಕೋಣೆಯಲ್ಲಿ ಓದುವವನಿಗೆ ಹಿತ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕು ಕರ್ನಾಟಕದ ಒಂಬತ್ತು ಚಾರಣಿಗರು ತೀರಿಕೊಂಡ ಸುದ್ದಿ ಓದಿದ ನಮಗೆ ಅದು ಹಿತವಾಗಕೂಡದು. ಅವರು ಗುಂಪಿನಲ್ಲಿದ್ದರು, ಮಾರ್ಗದರ್ಶಕರಿದ್ದರು. ಒಂಟಿಯಾಗಿ ಹೋದವನಿಗಾದರೆ ನಿನ್ನ ಮಾತು ತೊದಲುತ್ತಿದೆ, ನಿಲ್ಲು ಎಂದು ಹೇಳುವವರೂ ಇರುವುದಿಲ್ಲ. ಹೆರ್ಜೋಗ್‌ನ ದಾರಿಯಲ್ಲಿ ಕೆಲವು ಕಿಲೋಮೀಟರಿಗೊಂದು ಹಳ್ಳಿ, ಹಾಲಿನ ಅಂಗಡಿ, ಕೊಟ್ಟಿಗೆ ಇದ್ದವು ಎಂಬುದನ್ನು ಅವನ ಅನುಕರಣೆಗೆ ಹೊರಡುವವರು ಮರೆಯಬಾರದು. ನಡಿಗೆಯ ಮಾದರಿಯಾಗಿ ಈ ಪುಸ್ತಕ ಕೆಟ್ಟದ್ದು: ಪಳಗಿಸದ ಬೂಟು, ಎಲ್ಲಿ ಉಳಿಯುವುದೆಂಬ ಯೋಜನೆಯಿಲ್ಲದ ದಾರಿ, ನೋವನ್ನು ಎಚ್ಚರಿಕೆಯೆಂದು ಕೇಳಿಸಿಕೊಳ್ಳದ ಹಟ.

ಹಾಗಿದ್ದೂ ಕೊನೆಯ ಪುಟ ಅದನ್ನು ಎತ್ತಿಹಿಡಿಯುತ್ತದೆ. ಪ್ಯಾರಿಸ್ ತಲುಪಿದ ಹೆರ್ಜೋಗ್ ಐಸ್ನರ್ ಎದುರು ಕೂರುತ್ತಾನೆ. ಕಾಯಿಲೆ ಆಕೆಯ ಮೇಲೆ ಗುರುತು ಬಿಟ್ಟಿದೆ, ಆದರೆ ಎದ್ದು ಕೂತಿದ್ದಾರೆ. ನಡೆದು ಬಂದದ್ದನ್ನು ಬಾಯಿಬಿಟ್ಟು ಹೇಳಲು ಅವನಿಗೆ ಸಂಕೋಚ. ಆಕೆಗೆ ಯಾರೋ ಫೋನಿನಲ್ಲಿ ಹೇಳಿಬಿಟ್ಟಿದ್ದಾರೆ. ಅವನ ನೋಯುವ ಕಾಲು ಚಾಚಲು ಆಕೆ ಇನ್ನೊಂದು ಕುರ್ಚಿಯನ್ನು ಅವನತ್ತ ತಳ್ಳುತ್ತಾರೆ. ಉಳಿಸಲು ಹೊರಟವನ ಆರೈಕೆಯನ್ನು ರೋಗಿಯೇ ಮಾಡುವ ಈ ಗಳಿಗೆಯಲ್ಲಿ ಮೊದಲ ಪುಟದ ಅಹಂಕಾರಕ್ಕೆ ಉತ್ತರವಿದೆ. ಮೂರು ವಾರದ ಮಳೆ ಅವನನ್ನು ಪವಾಡಪುರುಷನನ್ನಾಗಿ ಮಾಡಲಿಲ್ಲ; ಇನ್ನೊಬ್ಬರ ಕರುಣೆ ಬೇಕಾದ ಮನುಷ್ಯನನ್ನಾಗಿ ಮಾಡಿತು. ಇದನ್ನು ಹೆರ್ಜೋಗ್ ವ್ಯಾಖ್ಯಾನಿಸುವುದಿಲ್ಲ. ಆಮೇಲಿನ ಸಂದರ್ಶನಗಳ ಹೆರ್ಜೋಗ್ ಆಗಿದ್ದರೆ ಖಂಡಿತ ವ್ಯಾಖ್ಯಾನಿಸುತ್ತಿದ್ದ.

ತನ್ನ ಚಿತ್ರಗಳಿಗಿಂತ ಈ ಪುಸ್ತಕವೇ ತನಗೆ ಹೆಚ್ಚು ಎಂದು ಅವನು ಹೇಳಿಕೊಂಡದ್ದುಂಟು. ಚಿತ್ರಗಳ ವಿಷಯದಲ್ಲಿ ನಾನು ಒಪ್ಪಲಾರೆ, ಆದರೆ ಹಾಗೆ ಅನ್ನಿಸುವುದಕ್ಕೆ ಕಾರಣ ತಿಳಿಯುತ್ತದೆ. ಅವನ ಬೇರೆಲ್ಲ ಕೆಲಸಗಳಲ್ಲಿ ಪ್ರಕೃತಿ ಅವನ ಕಲ್ಪನೆಗೆ ಬಗ್ಗುತ್ತದೆ, ಒಂದು ಚಿತ್ರದಲ್ಲಂತೂ ಹಡಗೇ ಬೆಟ್ಟ ಹತ್ತುತ್ತದೆ. ಇಲ್ಲಿ ಮಾತ್ರ ಬಗ್ಗಿದವನು ಅವನು. ಐಸ್ನರ್ ಉಳಿದದ್ದು ನಡಿಗೆಯಿಂದಲೋ ವೈದ್ಯರಿಂದಲೋ ಎಂಬುದನ್ನು ಈ ಪುಸ್ತಕ ಸಾಬೀತು ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ತಣ್ಣನೆಯ ಮಳೆಯಲ್ಲಿ ಒಬ್ಬನೇ ಬಹುದೂರ ನಡೆದರೆ ಮನುಷ್ಯನ ದೊಡ್ಡ ಮಾತುಗಳು ಯಾವ ಕ್ರಮದಲ್ಲಿ ಉದುರುತ್ತವೆ ಎಂಬುದಕ್ಕೆ ಇದಕ್ಕಿಂತ ನಂಬಲರ್ಹವಾದ ದಾಖಲೆ ನನಗೆ ಗೊತ್ತಿಲ್ಲ. ಅಷ್ಟಕ್ಕಾಗಿ ಇದನ್ನು ಓದಬೇಕು, ಹರಕೆಯ ಕಥೆಯನ್ನು ಪಕ್ಕಕ್ಕಿಟ್ಟು.